ಟ್ರ್ಯಾಕ್ಟರ್ ಮುಂದೆ ನಡೆಯುವ ಕೆಲಸ

ಮಾವ ತೀರಿಕೊಂಡ ಮೇಲೆ ನಮ್ಮವರು ಮಾಡಿದ ಮೊದಲ ಘನಕಾರ್ಯವೆಂದರೆ ಹಳೆಯ ಟ್ರ್ಯಾಕ್ಟರನ್ನು ಗುಜರಿಯವನಿಗೆ ಕೊಟ್ಟುಬಿಟ್ಟದ್ದು. ಅದೂ ಅತ್ತೆ ತಂಗಿಯ ಮನೆಗೆ ಹೋಗಿದ್ದಾಗ. ಎಂಜಿನ್ ಕೆಟ್ಟು ನಿಂತಿತ್ತು, ಶೆಡ್ಡಿನಲ್ಲಿ ಸುಮ್ಮನೆ ಜಾಗ ತಿನ್ನುತ್ತಿತ್ತು, ಎಲ್ಲ ಸರಿ. ಆದರೆ ಹೆತ್ತ ತಾಯಿಯನ್ನು ಒಂದು ಮಾತು ಕೇಳಬೇಕೋ ಬೇಡವೋ? ಅತ್ತೆ ಬರುವ ತನಕ ತಡೆಯಿರಿ ಎಂದು ನಾನು ಹೇಳಿದೆ. ಗೋಡೆಗೆ ಹೇಳಿದಂತಾಯಿತು.

ಅತ್ತೆ ಬಂದವರು ಚೀಲ ಇಟ್ಟು ನೇರ ಶೆಡ್ಡಿಗೆ ಹೋದರು. ನೆಲದ ಮೇಲೆ ಎಣ್ಣೆಯ ಕಲೆ ಬಿಟ್ಟರೆ ಟ್ರ್ಯಾಕ್ಟರಿನ ಗುರುತೇ ಇರಲಿಲ್ಲ. ಒಳಗೆ ಬಂದು ಕೈ ತೊಳೆದು ತಟ್ಟೆ ಹಾಕಿಕೊಂಡು ಕೂತರು. ಅತ್ತು ರಂಪ ಮಾಡುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಕೇಳಿದ್ದು ಒಂದೇ ಮಾತು.

"ಹಿಂದೆ ಕಟ್ಟೋ ಹುಲ್ಲು ಕತ್ತರಿಸೋ ಯಂತ್ರ ಇದ್ಯೋ, ಅದನ್ನೂ ಕೊಟ್ಯೋ?"

ಅದು ಇತ್ತು. ಶೆಡ್ಡಿನ ಹಿಂಗೋಡೆಗೆ ಒರಗಿಸಿಟ್ಟಿದ್ದರು. "ಅಷ್ಟಾದ್ರೂ ಉಳಿಸಿದ್ಯಲ್ಲ" ಎಂದು ಅತ್ತೆ ಊಟ ಮುಗಿಸಿದರು. ಅವತ್ತಿನಿಂದ ಮಗನ ಜೊತೆ ಅವರ ಮಾತು ಹೂಂ, ಉಹೂಂಗೆ ಇಳಿಯಿತು.

ಮೊದಲೇ ನಮ್ಮದು ಮಾತು ಕಡಿಮೆಯ ಮನೆ. ನಮ್ಮವರು ಆಂಬುಲೆನ್ಸ್ ಓಡಿಸುತ್ತಾರೆ. ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ಡ್ಯೂಟಿ. ಮಗಳು ಹೈಸ್ಕೂಲಿಗೆ ಹೋಗುತ್ತಾಳೆ, ಅವಳ ಮುಖ ಕಾಣಬೇಕಾದರೆ ಫೋನಿನ ಬೆಳಕು ಬೀಳಬೇಕು. ನಾನು ಹಿತ್ತಿಲ ಕಡೆಯ ಕೋಣೆಯಲ್ಲಿ ಶಾಲೆಗಳಿಗೆ ಯೂನಿಫಾರ್ಮ್ ಹೊಲಿಯುತ್ತೇನೆ. ಒಬ್ಬೊಬ್ಬರ ಊಟ ಒಂದೊಂದು ಹೊತ್ತಿಗೆ. ಅತ್ತೆ ತಟ್ಟೆ ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ, ಹುಲ್ಲಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಮಾವ ಇದ್ದಾಗ ಅಲ್ಲಿ ಇಬ್ಬರು ಕೂರುತ್ತಿದ್ದರು. ಈಗ ಆ ಪಕ್ಕದಲ್ಲಿ ನೀರಿನ ಲೋಟ. ಹೋಗಿ ಜೊತೆಗೆ ಕೂರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತಿತ್ತು. ಕೂತು ಏನು ಮಾತಾಡುವುದು ಎಂದು ಮತ್ತೆ ಮಷಿನ್ ತುಳಿಯುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ದಿನವಿಡೀ ಇದ್ದೂ ಅವರಿಗೆ ನಾನಿಲ್ಲ, ನನಗೆ ಅವರಿಲ್ಲ ಅನ್ನುವ ಹಾಗಿತ್ತು.

ಹುಲ್ಲಿನ ವಿಷಯ ಹೇಳಬೇಕು. ಮನೆಯ ಹಿಂದೆ ನಮಗೊಂದು ತುಂಡು ಜಾಗವಿದೆ. ಹೊಲ ಎಂದರೆ ಹೊಲವಲ್ಲ, ಏನೂ ಬಿತ್ತುವುದಿಲ್ಲ, ಬರೀ ಹುಲ್ಲು. ಮಳೆ ನಿಂತ ಮೇಲೆ ಮೊಣಕಾಲೆತ್ತರ ಬೆಳೆಯುತ್ತದೆ. ಹಸಿಯಿರುವಾಗಲೇ ಕತ್ತರಿಸಿದರೆ ದನ ಸಾಕಿದವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಬಿಟ್ಟರೆ ಒಣಗಿ, ಬೇಸಿಗೆಯಲ್ಲಿ ಯಾರೋ ಒಂದು ಬೆಂಕಿಕಡ್ಡಿ ಎಸೆದರೂ ಬೇಲಿಯಾಚೆಯ ಕೋಳಿ ಶೆಡ್ಡಿನವರೆಗೆ ಹೊತ್ತಿಕೊಳ್ಳುತ್ತದೆ. ಇನ್ನು ಜಾಗದ ತುಂಬ ಬೆಣಚುಕಲ್ಲು. ಎಷ್ಟು ಆರಿಸಿ ಬಿಸಾಡಿದರೂ ಪ್ರತಿ ಮಳೆಗಾಲಕ್ಕೂ ನೆಲ ಹೊಸದಾಗಿ ಕಲ್ಲು ಹೊರಹಾಕುತ್ತದೆ. ಕಲ್ಲು ಸಿಕ್ಕಿತೆಂದರೆ ಬ್ಲೇಡ್ ಹೋಯಿತೆಂದೇ ಲೆಕ್ಕ.

ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಮಾವ ಟ್ರ್ಯಾಕ್ಟರ್ ಮೇಲೆ, ಅತ್ತೆ ಹತ್ತು ಮಾರು ಮುಂದೆ, ಕೈಯಲ್ಲೊಂದು ಕೋಲು. ಕೋಲಿನಿಂದ ಹುಲ್ಲು ಸರಿಸುತ್ತ ನಡೆಯುವುದು. ಕಲ್ಲು ಕಂಡರೆ ಬಲಗೈ ಮೇಲೆ, ಟ್ರ್ಯಾಕ್ಟರ್ ನಿಲ್ಲಬೇಕು. ಕಲ್ಲೆತ್ತಿ ಬೇಲಿಗೆ ಎಸೆದು ಕೈ ಬೀಸಿದರೆ ಹೊರಡಬೇಕು. ಹಿಂದೆ ತಿರುಗಿ ನೋಡುವ ಪ್ರಶ್ನೆಯೇ ಇಲ್ಲ. ಎಂಜಿನ್ ಸದ್ದಿನಲ್ಲಿ ಮಾತೂ ಇಲ್ಲ. ಮಾವ ಸದ್ದಿಲ್ಲದ ಕಡೆಯೂ ಮಾತಾಡಿದವರಲ್ಲ ಬಿಡಿ. ಟ್ರ್ಯಾಕ್ಟರಿಗೆ ಒಂದೇ ಸೀಟು, ಅದು ಅವರದು. ಅತ್ತೆ ಅದನ್ನು ಹತ್ತಿದವರೇ ಅಲ್ಲ.

ಒಂದು ವರ್ಷ ಅತ್ತೆ ಕಾಲು ಉಳುಕಿಸಿಕೊಂಡು ಹಾಸಿಗೆ ಹಿಡಿದರು. ಮಾವ ಹುಲ್ಲಿಗೆ ಕೈಯೇ ಹಚ್ಚಲಿಲ್ಲ. ಕೋಳಿ ಶೆಡ್ಡಿನವರು ಬೇಲಿಯ ಹತ್ತಿರ ನಿಂತು ಕೂಗಾಡಿದರು. "ಇವಳು ಏಳ್ಲಿ. ಇವಳಿಲ್ದೆ ಕಲ್ಲು ನೋಡೋರು ಯಾರು?" ಎಂದು ಮಾವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಒಳಗೆ ಬಂದರು. ಈ ಮಾತನ್ನು ಅತ್ತೆ ನನಗೆ ಅದೆಷ್ಟು ಸಲ ಒಪ್ಪಿಸಿದ್ದಾರೋ. ಗಂಡನಿಂದ ಸಿಕ್ಕ ಹೊಗಳಿಕೆ ಅದೊಂದೇ ಇರಬೇಕು, ಪಾಪ. "ಮೇಲಿಂದ ಅವರಿಗೆ ಏನೂ ಕಾಣ್ತಿರ್ಲಿಲ್ಲ ಕಣೇ. ನಾನಿಲ್ದಿದ್ರೆ ಒಂದು ಬ್ಲೇಡೂ ಉಳೀತಿರ್ಲಿಲ್ಲ" ಎನ್ನುವಾಗ ಅವರ ಮುಖ ನೋಡಬೇಕಿತ್ತು.

ಟ್ರ್ಯಾಕ್ಟರ್ ಹೋದ ಸುದ್ದಿ ಸಿಕ್ಕಿದ್ದೇ ತಡ, ಕೋಳಿಯವರು ನಗುನಗುತ್ತ ಬಂದರು. ಜಾಗ ಬಾಡಿಗೆಗೆ ಕೊಟ್ಟರೆ ಇನ್ನೆರಡು ಶೆಡ್ ಎಬ್ಬಿಸುತ್ತೇನೆ, ಹುಲ್ಲಿನ ತಲೆನೋವೂ ತಪ್ಪುತ್ತದೆ ಎಂದರು. ನಮ್ಮವರ ಮುಖ ಅರಳಿತು. ಆ ಭಾನುವಾರ ಅಪರೂಪಕ್ಕೆ ನಾಲ್ಕೂ ಜನ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ನಮ್ಮವರು ಮೆಲ್ಲಗೆ ವಿಷಯ ತೆಗೆದರು.

"ನಿನ್ನ ವಯಸ್ಸಿಗೆ ಆ ಕಲ್ಲು ಆರಿಸೋ ಕೆಲಸ ಇನ್ಯಾಕಮ್ಮ? ಆರಾಮಾಗಿ ಕೂತ್ಕೋ."

"ಕೂತು?"

"ಕೂತು... ಟಿವಿ ನೋಡು."

"ಟಿವಿ ನೀನೇ ನೋಡಪ್ಪ. ನಂಗಿರೋದು ಅದೊಂದು ಕೆಲಸ. ಅದನ್ನೂ ಕೋಳಿಗೆ ಕೊಟ್ಟು ನಾನೇನು ಮಾಡ್ಲಿ? ಟ್ರ್ಯಾಕ್ಟರ್ ಮಾರಿದ್ದು ನೀನು, ತರೋದೂ ನೀನೇ. ಹಳೇದೇ ಆಗ್ಲಿ."

ಮಗಳು ಫೋನಿನಿಂದ ತಲೆ ಎತ್ತದೆಯೇ, ಹಳೇವು ಬೇಕಾದಷ್ಟು ಸಿಗುತ್ತವೆ ಎಂದು ಸಾಲಾಗಿ ಫೋಟೋ ತೋರಿಸತೊಡಗಿದಳು. ನಮ್ಮವರು ಅವಳನ್ನು ಗದರಿಸಿ, ಕೊನೆಗೆ ಒಂದು ಷರತ್ತು ಹಾಕಿದರು. ಹುಲ್ಲು ಹಳದಿಯಾಗುವುದರೊಳಗೆ ನಮ್ಮ ಕೈಗೆಟುಕುವ ಟ್ರ್ಯಾಕ್ಟರ್ ಸಿಕ್ಕರೆ ಸರಿ, ಸಿಗದಿದ್ದರೆ ಜಾಗ ಕೋಳಿಯವರಿಗೆ. ಅತ್ತೆ ಹೂಂ ಎಂದರು. ಆಮೇಲೆ ನಮ್ಮವರು ನನ್ನನ್ನು ಅಡುಗೆಮನೆಗೆ ಕರೆದು, ಓವರ್‌ಲಾಕ್ ಮಷಿನ್ನಿಗೆಂದು ನಾನು ಕೂಡಿಟ್ಟ ದುಡ್ಡನ್ನು ಕೇಳಿದರು. ಬಟ್ಟೆಯ ಅಂಚು ಕೈಯಲ್ಲಿ ಹೊಲಿದು ಹೊಲಿದು ನನ್ನ ಕಣ್ಣು ಹೋಗಿತ್ತು. ಆದರೂ ಕೊಡುತ್ತೇನೆ ಎಂದೆ.

ಟ್ರ್ಯಾಕ್ಟರ್ ನೋಡಲು ಜೊತೆಗೆ ಗ್ರೀಸಣ್ಣ ಬಂದ. ಬಸ್ ಡಿಪೋದ ಮೆಕ್ಯಾನಿಕ್, ನಮ್ಮವರ ಗೆಳೆಯ. ಮದುವೆಯ ಊಟಕ್ಕೆ ಬಂದರೂ ಉಗುರಲ್ಲಿ ಗ್ರೀಸ್ ಇರುವುದರಿಂದ ಆ ಹೆಸರು. ಮೊದಲನೆಯದು ಇಟ್ಟಿಗೆ ಗೂಡಿನವರ ಟ್ರ್ಯಾಕ್ಟರ್, ಹೊಸ ಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸಿದ್ದರು. ಗ್ರೀಸಣ್ಣ ಹೊಗೆಯ ಬಣ್ಣ ನೋಡಿದ, ಕೆಳಗೆ ಮಲಗಿ ಎಣ್ಣೆ ಸೋರುತ್ತದೆಯೋ ನೋಡಿದ, ಟೈರ್ ತಟ್ಟಿದ. ಪರವಾಗಿಲ್ಲ ಎಂದ. ಆಗ ಅತ್ತೆ ಮುಂದೆ ಬಂದರು. ಮೊದಲನೇ ಗೇರಿನಲ್ಲಿ ಓಡಿಸಪ್ಪ, ನಾನು ಮುಂದೆ ನಡೆಯುತ್ತೇನೆ ಎಂದರು. ಮಾರುವವನು ನಮ್ಮವರ ಮುಖ ನೋಡಿದ. ನಮ್ಮವರು ತಮ್ಮ ಚಪ್ಪಲಿ ನೋಡಿಕೊಂಡರು.

ಅತ್ತೆ ಟ್ರ್ಯಾಕ್ಟರಿಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿ ನಡೆದರು. ಸ್ವಲ್ಪ ದೂರ ಹೋಗಿ ಪಕ್ಕಕ್ಕೆ ಸರಿದು ನಿಂತರು.

"ಇದು ಅವಸರದ್ದು. ಬೆನ್ನ ಮೇಲೇ ಬರುತ್ತೆ. ಬೇಡ."

ದಾರಿಯಲ್ಲಿ ನಮ್ಮವರು ರೇಗಿದರು. "ಟ್ರ್ಯಾಕ್ಟರನ್ನ ಸುತ್ತ ತಿರುಗಿ ನೋಡ್ತಾರಮ್ಮ. ಬೆನ್ನು ತಿರುಗಿಸ್ಕೊಂಡು ಯಾರಾದ್ರೂ ನೋಡ್ತಾರಾ?"

"ನಾನು ನೋಡಿರೋದೇ ಹಾಗೆ" ಎಂದರು ಅತ್ತೆ.

ಮುಂದಿನ ವಾರದ್ದು ಮಗಳು ಹುಡುಕಿದ್ದು. ಒಂದು ವಸತಿಗೃಹದ ತೋಟದಲ್ಲಿತ್ತು. ಕುರ್ಚಿಯಷ್ಟೇ ಎತ್ತರದ, ಕೂತು ಓಡಿಸುವ ಪುಟ್ಟ ಗಾಡಿ; ಹೊಟ್ಟೆಯ ಕೆಳಗೇ ಬ್ಲೇಡು, ಕಲ್ಲು ತಗುಲಿದರೆ ತಾನೇ ನಿಲ್ಲುತ್ತದಂತೆ. ಒಬ್ಬರೇ ಸಾಕು, ಮುಂದೆ ಹಿಂದೆ ಯಾರೂ ಬೇಡ. ಬೆಲೆಯೂ ಎಷ್ಟು ಕಡಿಮೆಯೆಂದರೆ ನನ್ನ ಮಷಿನ್ನಿನ ದುಡ್ಡಿಗೆ ಕೈ ಹಾಕಬೇಕಾಗಿರಲಿಲ್ಲ. ಮಗಳು ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡಳು. ಅತ್ತೆ ಅದರ ಮುಂದೆ ನಡೆಯುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ಆಟದ ಸಾಮಾನು" ಎಂದು ಹೋಗಿ, ನಮ್ಮವರು ಕೇಳಿ ತಂದಿದ್ದ ಕಾರಿನಲ್ಲಿ ಕೂತರು.

ನನಗೆ ತಡೆಯಲಾಗಲಿಲ್ಲ. ಕಾರು ಹತ್ತಿ ಬಾಗಿಲು ಹಾಕಿದವಳೇ ಕೇಳಿಬಿಟ್ಟೆ.

"ನಿಮಗೆ ಬೇಕಾಗಿರೋದು ಟ್ರ್ಯಾಕ್ಟರೋ, ಮಾವನೋ?"

ನಮ್ಮವರು ಸ್ಟೀರಿಂಗ್ ಹಿಡಿದುಕೊಂಡು ಕಲ್ಲಾಗಿ ಕೂತರು. ಮಗಳು ಮೊದಲ ಸಲ ಫೋನ್ ಕೆಳಗಿಟ್ಟಳು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

"ಎರಡೂ ಸಿಗಲ್ಲ ಅಂತ ಗೊತ್ತು ಕಣೇ. ಒಂದಾದ್ರೂ ಸಿಗ್ಲಿ ಅಂತ."

ಆಮೇಲೆ ಟ್ರ್ಯಾಕ್ಟರಿನ ಸುದ್ದಿಯೇ ನಿಂತುಹೋಯಿತು. ಹುಲ್ಲು ತೆನೆ ಬಿಟ್ಟಿತು. ಕೋಳಿಯವರು ಒಂದು ದಿನ ಟೇಪ್ ತಂದು ಬೇಲಿಯ ಉದ್ದ ಅಳೆದುಕೊಂಡು ಹೋದರು. ಅತ್ತೆ ಮೆಟ್ಟಿಲ ಮೇಲೆ ಕೂತು ಅದನ್ನು ನೋಡಿದರು, ತಟ್ಟೆಯಲ್ಲಿ ಅರ್ಧಕ್ಕರ್ಧ ಬಿಟ್ಟು ಎದ್ದರು.

ಅದರ ಮಾರನೆಯ ಬೆಳಿಗ್ಗೆ ನಾನು ಕಾಲರಿಗೆ ಕ್ಯಾನ್ವಾಸ್ ಕತ್ತರಿಸುತ್ತ ಕಿಟಕಿಯಲ್ಲಿ ನೋಡಿದೆ. ಅತ್ತೆ ಕೋಲು ಹಿಡಿದು ಹುಲ್ಲಿನಲ್ಲಿ ನಡೆಯುತ್ತಿದ್ದರು, ಬೇಲಿಯಿಂದ ಬೇಲಿಗೆ, ನೆಟ್ಟಗೆ, ಅದೇ ನಿಧಾನ. ಒಂದು ಕಡೆ ನಿಂತರು. ಬಲಗೈ ಮೇಲೆ ಹೋಯಿತು. ಬಗ್ಗಿ ಕಲ್ಲು ಎತ್ತಿ ಎಸೆದರು. ಮತ್ತೆ ಕೈ ಬೀಸಿ ಹೊರಟರು. ಅವರ ಹಿಂದೆ ನಿಲ್ಲುವುದಕ್ಕಾಗಲಿ ಹೊರಡುವುದಕ್ಕಾಗಲಿ ಏನೂ ಇರಲಿಲ್ಲ. ನನ್ನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ದುಃಖ ಉಕ್ಕಿ ಬಂತು, ಯಾರ ಮೇಲೆಂದು ಗೊತ್ತಾಗದ ಸಿಟ್ಟೂ ಬಂತು. ಮಧ್ಯಾಹ್ನ ನಾನೇ ಡಿಪೋಗೆ ಹೋಗಿ ಗ್ರೀಸಣ್ಣನನ್ನು ಹಿಡಿದೆ. "ಮನುಷ್ಯರು ನಡೆದಷ್ಟೇ ನಿಧಾನಕ್ಕೆ ಹೋಗೋದು ಒಂದು ಹುಡುಕಿ ಕೊಡಣ್ಣ. ನೋಡೋಕೆ ಹೇಗಾದ್ರೂ ಇರ್ಲಿ" ಎಂದೆ.

ಅವನು ಹುಡುಕಿದ್ದು ಮರದ ಮಿಲ್ಲಿನ ಅಂಗಳದಲ್ಲಿತ್ತು. ಬಣ್ಣ ಹೋಗಿ ಮಾಸಲಾಗಿತ್ತು. ಸೀಟು ಹರಿದು ಸ್ಪಂಜು ಹೊರಗೆ. ಗೇರ್ ಬಾಕ್ಸಿನ ಹತ್ತಿರ ಸ್ವಲ್ಪ ಎಣ್ಣೆ ಒಸರುತ್ತದೆ, ವಾಷರ್ ಹಾಕಿದರೆ ನಿಲ್ಲುತ್ತದೆ, ಎಂಜಿನ್ ಮಾತ್ರ ಗಟ್ಟಿ ಎಂದು ಗ್ರೀಸಣ್ಣ ಇದ್ದದ್ದು ಇದ್ದ ಹಾಗೆ ಹೇಳಿದ. ಅತ್ತೆ ಬೆನ್ನು ತಿರುಗಿಸಿ ಹೊರಟರು. ಅಂಗಳದ ಆ ತುದಿಯವರೆಗೆ ಹೋದರು, ತಿರುಗಿ ಈ ತುದಿಯವರೆಗೆ ಬಂದರು, ಮತ್ತೆ ಹೋದರು. ಓಡಿಸುತ್ತಿದ್ದ ಮಿಲ್ಲಿನವನಿಗೆ ಇದೇನು ಗ್ರಹಚಾರವೋ ಅನ್ನಿಸಿರಬೇಕು. ಮೂರನೇ ಸುತ್ತಿನಲ್ಲಿ ಅತ್ತೆ ಬಲಗೈ ಎತ್ತಿದರು. ಟ್ರ್ಯಾಕ್ಟರ್ ನಿಂತಿತು.

"ಇದಾಗುತ್ತೆ" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಧ್ವನಿಯಲ್ಲಿ ಜೀವ ಇತ್ತು.

ನನ್ನ ಮಷಿನ್ನಿನ ದುಡ್ಡು ಹೀಗೆ ಟ್ರ್ಯಾಕ್ಟರಾಗಿ ಶೆಡ್ಡಿಗೆ ಬಂತು. ಯೂನಿಫಾರ್ಮಿನ ಉಳಿಕೆ ನೀಲಿ ಬಟ್ಟೆಯಲ್ಲಿ ಸೀಟಿಗೆ ಹೊಸ ಹೊದಿಕೆ ಹೊಲಿದು ಹಾಕಿದೆ. ರಜೆ ಸಿಕ್ಕಾಗ ನಾನು ಓಡಿಸುತ್ತೇನೆ, ಅಮ್ಮ ಮುಂದೆ ನಡೆಯಲಿ ಎಂದು ನಮ್ಮವರು ದೊಡ್ಡ ಮನಸ್ಸು ಮಾಡಿದ್ದರು. ಆದರೆ ಅದೇ ವಾರ ಅವರನ್ನು ಬೇರೆ ಊರಿನ ಆಸ್ಪತ್ರೆಗೆ ಬದಲಿ ಡ್ಯೂಟಿಗೆ ಕಳಿಸಿದರು. ತಿಂಗಳು ಮುಗಿಯುವ ತನಕ ಬರುವ ಹಾಗಿರಲಿಲ್ಲ. ಹುಲ್ಲಿನ ತುದಿ ಆಗಲೇ ಹಳದಿಗೆ ತಿರುಗುತ್ತಿತ್ತು. ಫೋನಿನಲ್ಲಿ ಅವರು ಮತ್ತೆ ಕೋಳಿಯವರ ಮಾತು ತೆಗೆದರು. ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ನಾನೇ ಓಡಿಸ್ತೀನಿ. ಕೆಲಸ ನೋಡ್ಕೋ" ಎಂದು ಇಟ್ಟುಬಿಟ್ಟರು.

ಗ್ರೀಸಣ್ಣ ಸಂಜೆ ಸಂಜೆ ಬಂದು ಕಲಿಸಿದ. ಕ್ಲಚ್ ಬಿಡುವ ಹೊತ್ತು, ಗೇರ್ ಬೀಳುವ ಹೊತ್ತು ಅತ್ತೆಗೆ ಕಿವಿಯಲ್ಲೇ ಗೊತ್ತಿತ್ತು. ಕಾಲು ಮಾತ್ರ ಕೇಳುತ್ತಿರಲಿಲ್ಲ. ಎರಡು ಸಲ ಶೆಡ್ಡಿನ ಕಂಬಕ್ಕೆ ಗುದ್ದಿದರು. ಮಗಳು ವಿಡಿಯೋ ಮಾಡಿ ಅವಳಪ್ಪನಿಗೆ ಕಳಿಸಿದಳು. ಎಲ್ಲ ಶೆಡ್ಡಿನ ಮುಂದಿನ ಗಟ್ಟಿ ನೆಲದಲ್ಲಿ; ಹುಲ್ಲಿಗೆ ಇಳಿಸಿರಲಿಲ್ಲ. ಹುಲ್ಲಿಗಿಳಿದರೆ ಮುಂದೆ ಯಾರು ನಡೆಯುತ್ತಾರೆ ಎಂದು ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಾಲೆಯವರ ಆರ್ಡರ್ ನನ್ನ ತಲೆಯ ಮೇಲೆ ಕೂತಿತ್ತು.

ಶುರು ಮಾಡಿದ ದಿನ ಅವರು ಒಬ್ಬರೇ ಹೋದರು. ಯಂತ್ರ ಕಟ್ಟಿಕೊಂಡು, ಬೇಲಿಯ ಪಕ್ಕದಿಂದ, ಆಮೆಯಂತೆ. ನಾನು ಮಷಿನ್ ತುಳಿಯುತ್ತ ಒಂದು ಕಿವಿ ಆ ಕಡೆ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಸದ್ದು ಒಂದೇ ಕಡೆಯಿಂದ ಬರತೊಡಗಿತು. ಎದ್ದು ನೋಡಿದರೆ ಟ್ರ್ಯಾಕ್ಟರ್ ಹುಲ್ಲಿನ ನಡುವೆ ನಿಂತಿದೆ, ಎಂಜಿನ್ ಓಡುತ್ತಿದೆ, ಅತ್ತೆ ಮೇಲೆ ಅಲುಗಾಡದೆ ಕೂತಿದ್ದಾರೆ. ಇನ್ನೊಂದು ಕಾಲರ್ ಮುಗಿಸಿ ನೋಡಿದರೂ ಹಾಗೇ. ಬರಿಗಾಲಲ್ಲೇ ಓಡಿದೆ.

ಎರಡೂ ಕೈ ಸ್ಟೀರಿಂಗ್ ಮೇಲಿತ್ತು. ಮುಂದಿನ ಹುಲ್ಲನ್ನೇ ನೋಡುತ್ತಿದ್ದರು. ಮಾವ ಹೋದ ದಿನವೂ ಆ ಮುಖ ನಾನು ನೋಡಿರಲಿಲ್ಲ.

"ಏನಾಯ್ತು ಅತ್ತೆ? ಎದೆ ನೋವಾ?"

ಅಲ್ಲ ಎಂದು ತಲೆಯಾಡಿಸಿದರು. ಯಂತ್ರಕ್ಕೇನಾದರೂ ಆಯಿತೇ ಎಂದರೆ ಅದೂ ಅಲ್ಲ. ಕೆಳಗೆ ನಿಂತ ನನ್ನನ್ನು ನೋಡಿದರು, ಹುಲ್ಲು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಕಲ್ಲು ಕಾಣ್ತಿಲ್ವಾ? ನಾನು ಮುಂದೆ ನಡೀಲಾ?" ಎಂದೆ, ಮನಸ್ಸಿಲ್ಲದ ಮನಸ್ಸಿನಿಂದ.

ಧೂಳು ಎಂದು ತೋಳಿನಿಂದ ಕಣ್ಣೊರೆಸಿಕೊಂಡರು.

"ಹೂಂ ಕಣೇ. ಇಲ್ಲಿಂದ ಏನೂ ಕಾಣಲ್ಲ. ನೀನು ನಡಿ."

ಕೋಲು ತಂದು, ಗೊಣಗುತ್ತಲೇ ನಡೆದೆ. ಹುಲ್ಲು ಸರಿಸುವುದು, ಕೈ ಎತ್ತುವುದು, ಕಲ್ಲು ಎಸೆಯುವುದು. ಮೊದಲ ದಿನ ಬೆನ್ನ ಹಿಂದಿನ ಸದ್ದಿಗೆ ಹೆದರಿ ಎಷ್ಟು ಸಲ ತಿರುಗಿದೆನೋ. ಬರಬರುತ್ತ ತಿರುಗಬೇಕೆನ್ನಿಸಲಿಲ್ಲ. ನಾನು ನಿಂತರೆ ಅದು ನಿಲ್ಲುತ್ತದೆ, ನಾನು ಹೊರಟರೆ ಅದು ಹೊರಡುತ್ತದೆ. ಈ ಮನೆಗೆ ಬಂದಾಗಿನಿಂದ ನಾನು ಕೈ ಎತ್ತಿದರೆ ನಿಂತ ವಸ್ತು ಅದೊಂದೇ. ಬೆಳಿಗ್ಗೆ ಹುಲ್ಲು, ಮಧ್ಯಾಹ್ನದ ಮೇಲೆ ಹೊಲಿಗೆ. ಇಬ್ಬರಿಗೂ ಒಂದೇ ಹೊತ್ತಿಗೆ ಹಸಿವಾಗುತ್ತಿದ್ದುದರಿಂದ ಮೆಟ್ಟಿಲ ಮೇಲೆ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ಹೆಚ್ಚು ಮಾತೇನಿಲ್ಲ. ಉಪ್ಪು ಹಾಕಲಾ, ನೀರು ಕೊಡಲಾ, ನಾಳೆ ಯಾವ ಕಡೆಯಿಂದ ಶುರು ಮಾಡೋಣ. ಒಂದು ದಿನ ಅವರು ಇದ್ದಕ್ಕಿದ್ದಂತೆ, "ನಿನ್ನ ಮಷಿನ್ ದುಡ್ಡು ನಾನು ತಿಂದೆ, ಅಲ್ವಾ?" ಎಂದರು. ಹೌದು ಎಂದೆ. ಮುಂದಿನ ಸಲ ಹುಲ್ಲಿನ ದುಡ್ಡು ನಿನಗೇ ಎಂದರು.

ಕೊನೆಯ ದಿನ ಒಂದೇ ಒಂದು ಮೂಲೆ ಉಳಿದಿತ್ತು. ಕೋಳಿಯವರು ಬೇಲಿಯ ಹತ್ತಿರ ಬಂದು ಕೂಗಿದರು. ಅತ್ತೆ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಹೋದವರು, ಎಂಜಿನ್ ಆಫ್ ಮಾಡಲು ಮರೆತಿದ್ದರು. ಅರ್ಧ ದಾರಿಯಿಂದ, ಆಫ್ ಮಾಡು ಎಂದು ನನಗೆ ಕೈಸನ್ನೆ ಮಾಡಿದರು. ಮುಂದಿನ ವರ್ಷಕ್ಕಾದರೂ ಜಾಗ ಕೊಡುತ್ತೀರಾ ಎಂದು ಆತ ಕೇಳುತ್ತಿದ್ದದ್ದೂ, ಟ್ರ್ಯಾಕ್ಟರ್ ತಂದಿರೋದು ನೋಡೋಕಲ್ಲಪ್ಪ ಎಂದು ಇವರು ಹೇಳುತ್ತಿದ್ದದ್ದೂ ಸದ್ದಿನ ನಡುವೆಯೇ ಕೇಳಿಸಿತು. ನಾನು ಟ್ರ್ಯಾಕ್ಟರ್ ಹತ್ತಿ, ನಾನೇ ಹೊಲಿದ ನೀಲಿ ಹೊದಿಕೆಯ ಮೇಲೆ ಕೂತು ಎಂಜಿನ್ ಆಫ್ ಮಾಡಿದೆ. ತಲೆ ಎತ್ತಿ ಮುಂದೆ ನೋಡಿದೆ.

ಕಲ್ಲುಗಳೆಲ್ಲ ಕಾಣುತ್ತಿದ್ದವು. ನಾನು ಕೋಲಿನಿಂದ ಸರಿಸಿ ಸರಿಸಿ ಹುಡುಕುತ್ತಿದ್ದ ಬೆಣಚುಕಲ್ಲು, ಅಷ್ಟೆತ್ತರದಿಂದ ಹುಲ್ಲಿನ ಬುಡ ನೇರ ಕೆಳಗೆ ಕಾಣುವುದರಿಂದ, ಬೆಳ್ಳಗೆ ಕಣ್ಣಿಗೆ ಹೊಡೆಯುತ್ತಿತ್ತು. ಉಳಿದ ಆ ಮೂಲೆಯಲ್ಲಿ ಬೇಲಿಯವರೆಗೆ ಎಲ್ಲೆಲ್ಲಿ ಇದೆಯೆಂದು ಬೆರಳಿಟ್ಟು ತೋರಿಸಬಹುದಿತ್ತು. ನಾನು ಬಿಟ್ಟುಬಂದ ಕೋಲು, ಅದರ ಪಕ್ಕದಲ್ಲೊಂದು ಕಲ್ಲು, ನಾನಿನ್ನೂ ಕಂಡಿರದ ಕಲ್ಲು.

ಮೊದಲು ಬಂದದ್ದು ಸಿಟ್ಟೇ. ನನ್ನ ಕೆಲಸ ಹಾಳು ಮಾಡಿ, ಸುಳ್ಳು ಹೇಳಿ, ಬಿಸಿಲಲ್ಲಿ ನಡೆಸಿದರಲ್ಲ ಎಂದು. ಆಮೇಲೆ ಆ ಮೊದಲ ದಿನ ನೆನಪಾಯಿತು. ಎಂಜಿನ್ ಓಡುತ್ತಿದ್ದರೂ ಅಲುಗಾಡದೆ ಕೂತಿದ್ದು. ಹುಲ್ಲು ನೋಡಿದ್ದು, ನನ್ನನ್ನು ನೋಡಿದ್ದು. ಅವತ್ತೇ ಮೊದಲ ಸಲ ಅತ್ತೆ ಈ ಎತ್ತರದಿಂದ ಆ ಹುಲ್ಲನ್ನು ನೋಡಿದ್ದರು. ಮಾವ ವರ್ಷವೂ ನೋಡುತ್ತಿದ್ದದ್ದು ಇದನ್ನೇ. ಮಾವನಿಗೆ ಎಲ್ಲ ಕಾಣುತ್ತಿತ್ತು. ಅತ್ತೆ ನಡೆಯುವ ಅಗತ್ಯ ಒಂದು ದಿನವೂ ಇರಲಿಲ್ಲ. ಆದರೂ ಅತ್ತೆ ಹಾಸಿಗೆ ಹಿಡಿದ ವರ್ಷ ಹುಲ್ಲು ಹಾಗೇ ನಿಂತಿತ್ತು. ಇವಳಿಲ್ಲದೆ ಕಲ್ಲು ನೋಡುವವರು ಯಾರು ಎಂದಿದ್ದರು ಆ ಮನುಷ್ಯ. ಅದನ್ನು ಬಿಟ್ಟು ಬೇರೆ ಮಾತು ಅವರಿಗೆ ಬರುತ್ತಿರಲಿಲ್ಲ. ಅತ್ತೆಗೆ ಅದು ತಿಳಿಯುವ ಹೊತ್ತಿಗೆ ಕೇಳೋಣವೆಂದರೆ ಅವರೇ ಇಲ್ಲ. ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು.

ಅತ್ತೆ ಬಂದು ಟ್ರ್ಯಾಕ್ಟರಿನ ಪಕ್ಕ ನಿಂತರು. ನಾನು ಇನ್ನೂ ಮೇಲೇ ಕೂತಿದ್ದೆ.

"ಆಫ್ ಮಾಡಿದ್ಯಾ?"

"ಹೂಂ."

"ಹತ್ತಿ ತುಂಬಾ ಹೊತ್ತಾಯ್ತಾ?"

"ಈಗಷ್ಟೇ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ, ಟೈರಿಗೆ ಅಂಟಿದ ಹುಲ್ಲನ್ನು ಉಗುರಿನಿಂದ ಕೀಳುತ್ತ ನಿಂತರು.

ನಾನು ಇಳಿದೆ. ಹೋಗಿ ಕೋಲು ಎತ್ತಿಕೊಂಡೆ.

"ಆ ಮೂಲೆಯಲ್ಲಿ ಕಲ್ಲು ಜಾಸ್ತಿ ಅತ್ತೆ. ನಿಮಗೆ ಮೇಲಿಂದ ಕಾಣಲ್ಲ. ನಾನು ಮುಂದೆ ಹೋಗ್ತೀನಿ, ನೀವು ಬನ್ನಿ."

ಹತ್ತು ಮಾರು ಮುಂದೆ ಹೋಗಿ, ಬೆನ್ನು ಹಾಕಿ ನಿಂತೆ. ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ನಾನು ತಿರುಗಿ ನೋಡಲಿಲ್ಲ. ಆಮೇಲೆ ಹಿಂದೆ ಎಂಜಿನ್ ಶುರುವಾಯಿತು.